ರೋಟರಿ ಇಂಜಿನ್ ಕಳ್ಳಗಾಳಿ ಕುಡಿಯುತ್ತಿದೆಯಾ? ಲೀಕ್ ಹುಡುಕುವುದು ಹೀಗೆ

ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದರೂ ಐಡಲ್ ಇಳಿಯುವುದಿಲ್ಲ. ಇಳಿದರೂ ಒಂದು ಕಡೆ ನಿಲ್ಲುವುದಿಲ್ಲ, ಮೇಲೆ ಕೆಳಗೆ ಹೊಯ್ದಾಡುತ್ತದೆ. ಥ್ರಾಟಲ್ ಮುಚ್ಚಿದ ತಕ್ಷಣ ಎಕ್ಸಾಸ್ಟಿನಲ್ಲಿ ಪಟಪಟ ಸದ್ದು. ಆದರೆ ಫುಲ್ ಪವರ್ ಕೊಟ್ಟು ನೋಡಿ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಎಳೆಯುತ್ತದೆ. ಸ್ವಂತವಾಗಿ ಕಟ್ಟಿದ ವಿಮಾನಕ್ಕೆ ಮಾಜ್ದಾ 13ಬಿ ಥರದ ರೋಟರಿ ಇಂಜಿನ್ ಹಾಕಿಕೊಂಡವರು ಒಂದಲ್ಲ ಒಂದು ದಿನ ಇದನ್ನು ನೋಡಿಯೇ ನೋಡುತ್ತಾರೆ. (ಮೊದಲನೇ ಮಹಾಯುದ್ಧದ ಕಾಲದಲ್ಲಿ ಪ್ರೊಪೆಲ್ಲರ್ ಜೊತೆ ಸಿಲಿಂಡರುಗಳೂ ಗರಗರ ಸುತ್ತುತ್ತಿದ್ದ ರೋಟರಿ ಬೇರೆ. ಇಲ್ಲಿ ಹೇಳುತ್ತಿರುವುದು ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ವಾಂಕೆಲ್ ರೋಟರಿ. 13ಬಿಯಲ್ಲಿ ಅಂಥ ರೋಟರ್ ಎರಡು.)

ಕಾರಣ ಹೆಚ್ಚಾಗಿ ಕಳ್ಳಗಾಳಿ, ಅಂದರೆ ಥ್ರಾಟಲ್ ದಾಟಿದ ಮೇಲೆ ಇಂಟೇಕ್ ಮ್ಯಾನಿಫೋಲ್ಡಿನಲ್ಲಿ (ಇಂಜಿನ್ನಿಗೆ ಗಾಳಿ ಹಂಚುವ ಪೈಪುಗಳಲ್ಲಿ) ಎಲ್ಲೋ ಇರುವ ತೂತಿನಿಂದ ನುಗ್ಗುವ ಗಾಳಿ. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಲ್ಯಾಪ್‌ಟಾಪ್ ತೆಗೆದು ಫ್ಯೂಯಲ್ ಟೇಬಲ್ (ಯಾವಾಗ ಎಷ್ಟು ಪೆಟ್ರೋಲ್ ಹಾಕಬೇಕು ಅನ್ನುವ ಪಟ್ಟಿ) ತಿದ್ದುವುದು. ದಯವಿಟ್ಟು ಅದನ್ನು ಮಾಡಬೇಡಿ. ಲೀಕ್ ಎಷ್ಟು ಗಾಳಿ ಎಳೆಯುತ್ತದೆ ಅನ್ನುವುದು ಥ್ರಾಟಲ್, ಎತ್ತರ, ಬಿಸಿ ಎಲ್ಲದರ ಜೊತೆ ಬದಲಾಗುತ್ತದೆ. ಇವತ್ತು ತಿದ್ದಿದ ಲೆಕ್ಕ ನಾಳೆಗೆ ಕೂರುವುದಿಲ್ಲ. ಮೊದಲು ತೂತು ಹುಡುಕಿ, ಮುಚ್ಚಿ, ಟ್ಯೂನಿಂಗ್ ಆಮೇಲೆ.

ಫುಲ್ ಪವರ್‌ನಲ್ಲಿ ಯಾಕೆ ಕಾಣುವುದಿಲ್ಲ

ಸಮುದ್ರ ಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡ 29.92 ಇಂಚು ಪಾದರಸ. ನಿಮ್ಮ ಇಂಜಿನ್ ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ 14 ಇಂಚು ಅಂತ ಇಟ್ಟುಕೊಳ್ಳಿ. ಒಳಗಿರುವುದು ಹೊರಗಿನ ಅರ್ಧಕ್ಕಿಂತ ಕಡಿಮೆ. ಇಷ್ಟು ವ್ಯತ್ಯಾಸ ಇದ್ದರೆ ತೂತಿನೊಳಗೆ ಗಾಳಿ ಶಬ್ದದ ವೇಗದಲ್ಲಿ ನುಗ್ಗುತ್ತದೆ. 3 ಮಿ.ಮೀ. ತೂತು ಸಾಕು, ಸೆಕೆಂಡಿಗೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ ಗಾಳಿ ಒಳಗೆ ಹೋಗುತ್ತದೆ. ಒಂದು ಗ್ರಾಂ ಏನು ಮಹಾ ಅನ್ನಬೇಡಿ, ಐಡಲ್‌ನಲ್ಲಿ ಇಡೀ ಇಂಜಿನ್ ಕುಡಿಯುವುದೇ ಸೆಕೆಂಡಿಗೆ ಹತ್ತು ಗ್ರಾಂ ಆಸುಪಾಸು.

ಅದೇ 13ಬಿ 6000 ಆರ್‌ಪಿಎಂನಲ್ಲಿ ಥ್ರಾಟಲ್ ಪೂರ್ತಿ ತೆರೆದು ಓಡುವಾಗ ಸೆಕೆಂಡಿಗೆ 150 ಗ್ರಾಂ ಹತ್ತಿರ ಗಾಳಿ ಬೇಕು, ಒಳಗೂ ಹೊರಗೂ ಒಂದು ಇಂಚಿನಷ್ಟೇ ಒತ್ತಡದ ವ್ಯತ್ಯಾಸ. ಆಗ ಅದೇ ತೂತಿನಿಂದ ಅರ್ಧ ಗ್ರಾಂ ಕೂಡ ಬರುವುದಿಲ್ಲ. ಕಾಣುವುದಾದರೂ ಹೇಗೆ? ಮೇಲೆ ಹೋದ ಹಾಗೂ ಇದೇ ಕಥೆ. 8000 ಅಡಿಯಲ್ಲಿ ಹೊರಗಿನ ಒತ್ತಡವೇ ಸುಮಾರು 22 ಇಂಚು, ನೀವು ಥ್ರಾಟಲ್ ತೆರೆದೇ ಹಾರುತ್ತಿರುತ್ತೀರಿ, ಲೀಕ್ ಸುಮ್ನೆ ಮಲಗಿರುತ್ತದೆ. ಎದ್ದು ಕಚ್ಚುವುದು ಲ್ಯಾಂಡಿಂಗಿಗೆ ಇಳಿಯುವಾಗ, ಥ್ರಾಟಲ್ ಮುಚ್ಚಿ ಹೊರಗಿನ ಒತ್ತಡ ಏರುತ್ತಾ ಹೋದಾಗ. ಆಗಲೇ ರನ್‌ವೇ ಮೇಲೆ ಏನೋ ಅಡ್ಡ ಬಂತು, ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಅಂತ ಥ್ರಾಟಲ್ ತಳ್ಳಿದಿರಿ, ಲೀನ್ ಆಗಿ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆಯಾಗಿ) ಒದ್ದಾಡುತ್ತಿದ್ದ ಇಂಜಿನ್ ಒಂದು ಕ್ಷಣ ಮುಗ್ಗರಿಸಿತು. ಆ ಒಂದು ಕ್ಷಣ ಅಲ್ಲಿ ನಿಮ್ಮ ಹತ್ತಿರ ಇರುವುದಿಲ್ಲ. "ಟೇಕಾಫ್‌ನಲ್ಲಿ ಚೆನ್ನಾಗಿದೆಯಲ್ಲ, ಬಿಡಿ" ಅನ್ನುವ ಮಾತಿಗೆ ಬೆಲೆ ಇಲ್ಲದಿರುವುದು ಅದಕ್ಕೇ.

ಒಂದೇ ತೂತು, ಬೇರೆ ಬೇರೆ ಲಕ್ಷಣ

ನಿಮ್ಮ ಇಂಜಿನ್ ಗಾಳಿಯನ್ನು ಹೇಗೆ ಅಳೆಯುತ್ತದೆ ಅಂತ ಮೊದಲು ತಿಳಿದಿರಲಿ. ಇದು ಗೊತ್ತಿಲ್ಲದೆ ಲಕ್ಷಣ ನೋಡಿದರೆ ದಾರಿ ತಪ್ಪುತ್ತೀರಿ.

ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮ್ಯಾನಿಫೋಲ್ಡ್ ಒತ್ತಡ ನೋಡಿ ಪೆಟ್ರೋಲ್ ಹಾಕುವಂಥದ್ದಾದರೆ (ವಿಮಾನದಲ್ಲಿ ಹೆಚ್ಚಾಗಿ ಇದೇ ಇರುತ್ತದೆ) ಲೀಕ್ ಆದಾಗ ಒತ್ತಡ ಏರುತ್ತದೆ, ಏರಿದ್ದು ಸೆನ್ಸರಿಗೆ ಕಾಣುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಬೀಳುತ್ತದೆ. ಹಾಗಾಗಿ ಮಿಕ್ಸ್ಚರ್ ಅಷ್ಟೇನೂ ಕೆಡುವುದಿಲ್ಲ, ಐಡಲ್ ಮಾತ್ರ ಏರಿ ಕೂರುತ್ತದೆ. ವಿಮಾನ ರನ್‌ವೇ ಮೇಲೆ ಇಳಿಯದೆ ತೇಲಿಕೊಂಡೇ ಹೋಗುತ್ತದೆ. ಗಾಳಿಯ ಹರಿವನ್ನು ಸೆನ್ಸರಿನಿಂದ ಅಳೆಯುವಂಥದ್ದು, ಅಥವಾ ಬರೀ ಥ್ರಾಟಲ್ ಎಷ್ಟು ತೆರೆದಿದೆ ಅಂತ ನೋಡಿ ಲೆಕ್ಕ ಹಾಕುವಂಥದ್ದಾದರೆ ಕಳ್ಳಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ, ಎರಡೂ ರೋಟರ್ ಲೀನ್.

ಕಾರ್ಬ್ಯುರೇಟರ್ ಇದ್ದವರಿಗೆ ಕಾಟ ಜಾಸ್ತಿ. ಪೆಟ್ರೋಲ್ ಬೆರೆತದ್ದು ಹಿಂದೆಯೇ, ಲೀಕ್ ಇರುವುದು ಮುಂದೆ ಒಂದು ರೋಟರಿನ ರನ್ನರ್ ಪೈಪಿನಲ್ಲಿ. ಆ ರೋಟರಿನ ಪಾಲು ಐದು ಗ್ರಾಂ, ಅದರಲ್ಲಿ ಒಂದು ಗ್ರಾಂ ಬರೀ ಗಾಳಿ ಅಂದರೆ 12.5 ಇರಬೇಕಾದ ಮಿಕ್ಸ್ಚರ್ (ಒಂದು ಪಾಲು ಪೆಟ್ರೋಲಿಗೆ ಗಾಳಿ ಎಷ್ಟು ಪಾಲು ಅನ್ನುವ ಲೆಕ್ಕ) 15 ದಾಟುತ್ತದೆ. ರೋಟರಿ ಐಡಲ್‌ನಲ್ಲಿ ಸ್ವಲ್ಪ ರಿಚ್ (ಪೆಟ್ರೋಲ್ ಜಾಸ್ತಿ) ಆಗಿರುವುದನ್ನೇ ಇಷ್ಟಪಡುತ್ತದೆ, 15ಕ್ಕೆ ಹೋದರೆ ಆ ರೋಟರ್ ಸರಿಯಾಗಿ ಉರಿಯುವುದನ್ನೇ ಬಿಡುತ್ತದೆ, ಇನ್ನೊಂದು ಮಾತ್ರ ಚೆನ್ನಾಗಿ ಓಡುತ್ತಿರುತ್ತದೆ. ಪ್ರತಿ ರೋಟರಿಗೂ ಬೇರೆ ಬೇರೆ ಥ್ರಾಟಲ್ ಬಾಡಿ ಇದ್ದರೂ ಹೀಗೇ, ಒಂದೇ ರೋಟರ್ ಕೈಕೊಡುತ್ತದೆ.

ಇನ್ನೊಂದು, ಪೂರ್ತಿ ಉಲ್ಟಾ. ಒತ್ತಡದ ಸೆನ್ಸರಿಗೆ ಹೋಗುವ ಸಣ್ಣ ಹೋಸ್ ಪೈಪೇ ಸೀಳಿದ್ದರೆ ಸೆನ್ಸರ್ ಇರುವುದಕ್ಕಿಂತ ಜಾಸ್ತಿ ಒತ್ತಡ ತೋರಿಸುತ್ತದೆ, ಇಸಿಯು ಪೆಟ್ರೋಲ್ ಸುರಿಯುತ್ತದೆ, ಇಂಜಿನ್ ರಿಚ್ ಆಗಿ ಉಸಿರುಗಟ್ಟುತ್ತದೆ. ಎಕ್ಸಾಸ್ಟಿನಲ್ಲಿ ಕಪ್ಪು ಹೊಗೆ ನೋಡಿ "ಇದು ಗಾಳಿ ಲೀಕ್ ಅಲ್ಲವೇ ಅಲ್ಲ" ಅಂತ ತೀರ್ಮಾನ ಮಾಡಿಬಿಡಬೇಡಿ.

ಗಾಳಿಯೇ ಕಳ್ಳ ಅಂತ ಖಚಿತ ಮಾಡಿಕೊಳ್ಳಿ

ಗೇಜ್ ಸರಿ ಇದೆಯಾ ಅಂತ ನೋಡುವುದು ಎಲ್ಲಕ್ಕಿಂತ ಮೊದಲು. ಇಂಜಿನ್ ಆಫ್ ಇರುವಾಗ ಮ್ಯಾನಿಫೋಲ್ಡ್ ಗೇಜ್ ಆ ಜಾಗದ ಹೊರಗಿನ ಒತ್ತಡವನ್ನೇ ತೋರಿಸಬೇಕು. ಕೆಳಗಿನ ಎತ್ತರಗಳಲ್ಲಿ ಪ್ರತಿ 1000 ಅಡಿಗೆ ಒಂದು ಇಂಚು ಕಳೆದರೆ ಲೆಕ್ಕ ಸರಿಸುಮಾರು ಸಿಗುತ್ತದೆ. ಅದೇ ತಪ್ಪಿದ್ದರೆ ಮುಂದಿನದೆಲ್ಲ ವ್ಯರ್ಥ. ಆಮೇಲೆ ಬಿಸಿಯಾದ ಇಂಜಿನ್ನಿನ ಐಡಲ್ ಒತ್ತಡವನ್ನು ಹಳೇ ಲಾಗ್ ಜೊತೆ ಹೋಲಿಸಿ. ಬೇರೆಯವರ ಇಂಜಿನ್ನಿನ ಅಂಕಿ ಉಪಯೋಗಕ್ಕೆ ಬರುವುದಿಲ್ಲ, ಪೋರ್ಟ್ (ಗಾಳಿ ಒಳಗೆ ಬರುವ ಬಾಯಿ) ದೊಡ್ಡದು ಮಾಡಿದ ರೋಟರಿ ಲೀಕ್ ಇಲ್ಲದೆಯೂ ಐಡಲ್‌ನಲ್ಲಿ ಒತ್ತಡ ಜಾಸ್ತಿಯೇ ತೋರಿಸುತ್ತದೆ. ಹಳೇ ಲಾಗ್ ಇಲ್ಲವಾ? ಇವತ್ತಿನಿಂದ ಬರೆದಿಡಿ.

ಒಂದು ರೋಟರ್ ಮಾತ್ರ ಲೀನ್ ಅಂತ ಕಂಡರೆ ಎರಡು ರೋಟರುಗಳ ಇಂಜೆಕ್ಟರುಗಳನ್ನು ಅದಲುಬದಲು ಮಾಡಿ. ಲೀನ್ ಇಂಜೆಕ್ಟರ್ ಜೊತೆಗೇ ಇನ್ನೊಂದು ರೋಟರಿಗೆ ಹೋಯಿತು ಅಂದರೆ ಕಸ ಕಟ್ಟಿದ್ದು ಇಂಜೆಕ್ಟರಿಗೆ. ಅಲ್ಲೇ ಉಳಿಯಿತು ಅಂದರೆ ಗಾಳಿಯ ಮೇಲೆ ಸಂಶಯ ಗಟ್ಟಿಯಾಗುತ್ತದೆ. ಬಿಚ್ಚದೆಯೇ ತಿಳಿಯುವ ದಾರಿಯೂ ಇದೆ: ಗಾಳಿ ಲೀಕ್ ಪವರ್ ಏರಿಸಿದ ಹಾಗೆ ಮರೆಯಾಗುತ್ತದೆ, ಕಟ್ಟಿದ ಇಂಜೆಕ್ಟರ್ ಪವರ್ ಏರಿಸಿದ ಹಾಗೆ ಜಾಸ್ತಿ ಸತಾಯಿಸುತ್ತದೆ.

ಎಕ್ಸಾಸ್ಟಿನಲ್ಲಿರುವ ಆಕ್ಸಿಜನ್ ಸೆನ್ಸರನ್ನು ಕಣ್ಣು ಮುಚ್ಚಿ ನಂಬಬೇಡಿ. ಅದು ನೋಡುವುದು ಆಕ್ಸಿಜನ್ ಒಂದನ್ನೇ. ಸ್ಪಾರ್ಕ್ ತಪ್ಪಿದರೆ ಉರಿಯದ ಆಕ್ಸಿಜನ್ ಹಾಗೇ ಹೊರಗೆ ಬರುತ್ತದೆ, ಸೆನ್ಸರ್ "ಲೀನ್" ಅನ್ನುತ್ತದೆ, ಪಾಪ ಅದರ ತಪ್ಪಲ್ಲ. ಪ್ರತಿ ರೋಟರಿಗೂ ಲೀಡಿಂಗ್, ಟ್ರೇಲಿಂಗ್ ಅಂತ ಎರಡು ಸ್ಪಾರ್ಕ್ ಪ್ಲಗ್ ಇವೆ, ಅವುಗಳ ಇಗ್ನಿಷನ್ನುಗಳನ್ನು ಒಂದೊಂದಾಗಿ ಆಫ್ ಮಾಡಿ ಆರ್‌ಪಿಎಂ ಎಷ್ಟು ಬೀಳುತ್ತದೆ ನೋಡಿ. ಲೀಡಿಂಗ್ ಆಫ್ ಮಾಡಿದಾಗ ಜಾಸ್ತಿ ಬೀಳುವುದು ಸಹಜ, ಆದರೆ ಒಂದನ್ನು ತೆಗೆದರೆ ಇಂಜಿನ್ ಕುಂಟುತ್ತದೆ ಅಂದರೆ ಉಳಿದದ್ದರಲ್ಲಿ ತೊಂದರೆ ಇದೆ. ಸೆನ್ಸರಿಗಿಂತ ಮೊದಲಿನ ಎಕ್ಸಾಸ್ಟ್ ಜಾಯಿಂಟು ಸೋರುತ್ತಿದ್ದರೂ ಐಡಲ್‌ನಲ್ಲಿ ಹೊರಗಿನ ಗಾಳಿ ಒಳಗೆ ಸೇರಿ ಸುಳ್ಳು ಲೀನ್ ತೋರಿಸುತ್ತದೆ. ಸೀಸ ಇರುವ 100ಎಲ್‌ಎಲ್ ವಿಮಾನ ಪೆಟ್ರೋಲ್ ಹಾಕಿ ಹಾರಿಸುವವರ ಸೆನ್ಸರ್ ಬೇಗ ಸಾಯುತ್ತದೆ ಅನ್ನುವುದೂ ನೆನಪಿರಲಿ. ಕೊನೆಯದಾಗಿ ಕಂಪ್ರೆಷನ್. ಒಂದೊಂದು ರೋಟರಿನ ಮೂರೂ ಮುಖಗಳು ಸಮನಾಗಿ ಒತ್ತುತ್ತಿವೆಯಾ? ಎಪೆಕ್ಸ್ ಸೀಲ್ (ರೋಟರಿನ ಮೂಲೆಗಳ ಸೀಲ್) ಸವೆದ ಇಂಜಿನ್ ಕೂಡ ಗಾಳಿ ಸರಿಯಾಗಿ ಎಳೆಯದೆ ಲೀಕ್ ಇದ್ದ ಹಾಗೇ ನಟಿಸುತ್ತದೆ.

ಒಂದು ಸುಲಭ ಪರೀಕ್ಷೆ ಕಾಕ್‌ಪಿಟ್‌ನಲ್ಲಿ ಕೂತೇ ಮಾಡಬಹುದು. ಇಂಜಿನ್ ನಿಂತಿರುವಾಗ ಥ್ರಾಟಲಿನ ಸ್ಟಾಪ್ ಸ್ಕ್ರೂ ಹಿಂದೆ ಬಿಟ್ಟು ಚಿಟ್ಟೆ (ಒಳಗೆ ಗಾಳಿ ತಡೆಯುವ ತಟ್ಟೆ) ಪೂರ್ತಿ ಮುಚ್ಚುವ ಹಾಗೆ ಮಾಡಿ, ಆದರೆ ಬೋರಿನಲ್ಲಿ ಕಚ್ಚಿಕೊಳ್ಳಬಾರದು. ಐಡಲ್ ಬೈಪಾಸ್ ಇದ್ದರೆ ಅದನ್ನೂ ಮುಚ್ಚಿ. ಬಾಲ ಕಟ್ಟಿ, ಚಕ್ರಕ್ಕೆ ಕಟ್ಟೆ ಕೊಟ್ಟು, ಸ್ಟಾರ್ಟ್ ಮಾಡಿ ಬಿಸಿ ಮಾಡಿ, ಥ್ರಾಟಲ್ ಪೂರ್ತಿ ಎಳೆಯಿರಿ. ಇಂಜಿನ್ ಸಾಯಬೇಕು, ಇಲ್ಲವೇ ಸಾಯುವ ಹಾಗೆ ಆಗಬೇಕು. ಹಾಯಾಗಿ 1500ರಲ್ಲಿ ತಿರುಗುತ್ತಲೇ ಇದ್ದರೆ ಆ ಗಾಳಿ ಎಲ್ಲಿಂದಲೋ ಬರುತ್ತಿದೆ ಅಲ್ವಾ? ಪರೀಕ್ಷೆ ಮುಗಿದ ಮೇಲೆ ಸ್ಟಾಪ್ ಸ್ಕ್ರೂ ಮೊದಲಿದ್ದ ಜಾಗಕ್ಕೇ ತರಬೇಕು, ಹಾಗೇ ಬಿಟ್ಟು ಹಾರಬೇಡಿ.

ಸ್ಪ್ರೇ ಹೊಡೆಯುವ ಕಾರಿನ ಉಪಾಯ ಬೇಡ

ಕಾರಿನಲ್ಲಿ ಇಂಜಿನ್ ಓಡುವಾಗ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ಆರ್‌ಪಿಎಂ ಬದಲಾಗುವ ಜಾಗ ಹುಡುಕುತ್ತಾರೆ. ವಿಮಾನದಲ್ಲಿ ಕೌಲಿಂಗ್ (ಇಂಜಿನ್ನಿನ ಹೊರಕವಚ) ತೆಗೆದು ತಿರುಗುವ ಪ್ರೊಪೆಲ್ಲರ್ ಪಕ್ಕ ಕೈ ಚಾಚುವುದು ಹುಚ್ಚುತನ, ಪ್ರೊಪೆಲ್ಲರ್ ಮುಂದಿರಲಿ ಹಿಂದಿರಲಿ. ಸ್ಪ್ರೇ ಮಾಡಿದರೂ ಪ್ರೊಪೆಲ್ಲರ್ ಗಾಳಿ ಅದನ್ನು ಎಲ್ಲೆಲ್ಲೋ ಹಾರಿಸುತ್ತದೆ, ಏನೂ ತಿಳಿಯುವುದಿಲ್ಲ. ಇವೆರಡಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 13ಬಿಯಲ್ಲಿ ಇಂಟೇಕ್ ಮತ್ತು ಎಕ್ಸಾಸ್ಟ್ ಎರಡೂ ಇಂಜಿನ್ನಿನ ಒಂದೇ ಬದಿಯಲ್ಲಿವೆ, ಇಂಟೇಕ್ ಮೇಲೆ, ಎಕ್ಸಾಸ್ಟ್ ಕೆಳಗೆ. ನೀವು ಗ್ಯಾಸ್ಕೆಟ್ ಮೇಲೆ ಹೊಡೆದದ್ದು ತೊಟ್ಟಿಕ್ಕುವುದು ಕಾದ ಎಕ್ಸಾಸ್ಟ್ ಮೇಲೆ. ರೋಟರಿಯ ಎಕ್ಸಾಸ್ಟ್ ಎಷ್ಟು ಕಾಯುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಸೋಪು ನೀರು, ನಿಂತ ಇಂಜಿನ್

ಕೆಲಸ ಆಗುವುದು ಇದರಿಂದ. ಸೈಕಲ್ ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುವ ಹಾಗೆ, ಇಲ್ಲಿ ಮ್ಯಾನಿಫೋಲ್ಡ್ ಒಳಗೆ ಗಾಳಿ ಊದಿ ಹೊರಗೆ ಸೋಪು ನೀರು ಬಳಿಯುವುದು.

ಇಗ್ನಿಷನ್ ಎರಡೂ ಆಫ್, ಪಂಪ್ ಆಫ್, ಬ್ಯಾಟರಿ ಕಳಚಿ, ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ. ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಬೇಕಾಗುತ್ತದೆ, ಅದಕ್ಕೇ ಇಷ್ಟೆಲ್ಲ. ಪ್ಲಗ್ ತೂತುಗಳಿಗೆ ರಬ್ಬರ್ ಬಿರಡೆ ಹಾಕಿ. ಥ್ರಾಟಲ್ ಬಾಡಿಯ ಬಾಯಿಗೆ ರಬ್ಬರ್ ಕ್ಯಾಪ್ ಹಾಕಿ ಕ್ಲಾಂಪ್ ಬಿಗಿದು ಅದಕ್ಕೊಂದು ಗಾಳಿಯ ನಿಪ್ಪಲ್ ಕೂರಿಸಿ. ಥ್ರಾಟಲ್ ಪೂರ್ತಿ ತೆರೆದಿಡಿ.

ಒತ್ತಡ 1 ಪಿಎಸ್‌ಐ ಸಾಕು, 2 ದಾಟಬಾರದು. ಕಂಪ್ರೆಸರಿನ ರೆಗ್ಯುಲೇಟರಿನಲ್ಲಿ ಇಷ್ಟು ಸಣ್ಣ ಒತ್ತಡ ಸರಿಯಾಗಿ ಕಾಣುವುದೇ ಇಲ್ಲ, ಅದನ್ನು ನಂಬಿ ಒತ್ತಡ ಏರಿಸಿ ಸೆನ್ಸರ್ ಹಾಳು ಮಾಡಿಕೊಳ್ಳಬೇಡಿ. ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಯು ಆಕಾರದಲ್ಲಿ ಬಗ್ಗಿಸಿ, ನೀರು ತುಂಬಿ, ಒಂದು ತುದಿಯನ್ನು ಮ್ಯಾನಿಫೋಲ್ಡಿನ ಯಾವುದಾದರೂ ನಿಪ್ಪಲಿಗೆ ಹಾಕಿ. ಎರಡೂ ಕಡೆಯ ನೀರಿನ ಮಟ್ಟದ ವ್ಯತ್ಯಾಸ 70 ಸೆ.ಮೀ. ಆದರೆ ಅದೇ 1 ಪಿಎಸ್‌ಐ. ಒತ್ತಡ ಜಾಸ್ತಿಯಾದರೆ ನೀರು ಹೊರಗೆ ಚೆಲ್ಲಿ ತಾನೇ ಎಚ್ಚರಿಸುತ್ತದೆ. ನನಗಂತೂ ಇದು ಯಾವ ಗೇಜಿಗಿಂತಲೂ ಇಷ್ಟ.

ಗಾಳಿ ಬಿಟ್ಟ ತಕ್ಷಣ ಎಕ್ಸಾಸ್ಟ್ ಪೈಪಿನಿಂದ ಸುಯ್ ಅಂತ ಸದ್ದು ಬರುತ್ತದೆ. ಗಾಬರಿ ಬೇಡ. ಹಳೇ 13ಬಿಗಳಲ್ಲಿ ಇಂಟೇಕ್ ಪೋರ್ಟ್ ತೆರೆಯುವಾಗ ಎಕ್ಸಾಸ್ಟ್ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ, ಗಾಳಿ ಆ ದಾರಿ ಹಿಡಿದು ಹೋಗುತ್ತದೆ. ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸುತ್ತಾ ಸದ್ದು ಅತಿ ಕಡಿಮೆ ಇರುವ ಜಾಗದಲ್ಲಿ ನಿಲ್ಲಿಸಿ. ಎರಡು ರೋಟರ್ ಇರುವುದರಿಂದ ಪೂರ್ತಿ ನಿಲ್ಲುವುದು ಕಷ್ಟ, ಸೀಲುಗಳ ಸಂದಿನಿಂದಲೂ ಸ್ವಲ್ಪ ಹೋಗುತ್ತದೆ. ನೀರಿನ ಮಟ್ಟ ಕಾಯ್ದುಕೊಳ್ಳುವಷ್ಟು ಗಾಳಿ ಬಿಡುತ್ತಾ ಇರಿ, ಸಾಕು. ಆರ್‌ಎಕ್ಸ್-8ರ ರೆನೆಸಿಸ್ ಇಂಜಿನ್ನಿನಲ್ಲಿ ಎಕ್ಸಾಸ್ಟ್ ಪೋರ್ಟ್ ಕೂಡ ಪಕ್ಕದ ಗೋಡೆಯಲ್ಲೇ ಇದೆ, ಈ ಓವರ್‌ಲ್ಯಾಪ್ ಇಲ್ಲ, ಕೆಲಸ ಸ್ವಲ್ಪ ಸಲೀಸು.

ಈಗ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಪಾಲು, ನೀರು ಹತ್ತು ಪಾಲು. ಬ್ರಶ್ಶಿನಲ್ಲಿ ಬಳಿಯಿರಿ, ಕನೆಕ್ಟರುಗಳಿಗೆ ಮೊದಲೇ ಪ್ಲಾಸ್ಟಿಕ್ ಸುತ್ತಿಡಿ. ದೊಡ್ಡ ಲೀಕ್ ಗುಳ್ಳೆಯನ್ನು ಊದಿ ಹಾರಿಸಿಬಿಡುತ್ತದೆ, ಅದು ಕಿವಿಗೆ ಕೇಳುತ್ತದೆ. ಕಣ್ಣು ತಪ್ಪಿಸುವುದು ಸಣ್ಣದ್ದು: ಬಳಿದ ಅರ್ಧ ನಿಮಿಷದ ಮೇಲೆ ಫ್ಲಾಂಜ್ (ನಟ್ಟು ಬಿಗಿಯುವ ಚಪ್ಪಟೆ ಅಂಚು) ಸಂದಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಒಂದರ ಪಕ್ಕ ಒಂದು ಮೂಡಿ ಬಿಳಿ ನೊರೆಯ ಗೆರೆಯಾಗುತ್ತವೆ. ಹಾಗಾಗಿ ಬಳಿದು ಮುಂದೆ ಓಡಬೇಡಿ, ಟಾರ್ಚ್ ಹಿಡಿದು ಕಾಯಿರಿ. ಕೆಳಗಿನ ಬದಿಗೆ ಕನ್ನಡಿ ಬೇಕೇ ಬೇಕು.

ಲೀಕ್ ಬಿಸಿಯಾದಾಗ ಮಾತ್ರ ಬರುತ್ತದೆ ಅನ್ನುವ ಸಂಶಯ ಇದ್ದರೆ ಇಂಜಿನ್ ಓಡಿಸಿ, ಕೈ ಇಡುವಷ್ಟು ಆರಿದ ಮೇಲೆ, ಬಿಸಿ ಇರುವಾಗಲೇ ಪರೀಕ್ಷೆ ಮಾಡಿ. ಹೊಗೆ ಬಿಟ್ಟು ನೋಡುವ ಮೆಷಿನ್ನೂ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಪೆಟ್ರೋಲ್ ಆವಿ ಇರುವ ಮ್ಯಾನಿಫೋಲ್ಡಿಗೆ ಕಾದ ತಂತಿಯಿಂದ ಹೊಗೆ ಎಬ್ಬಿಸುವ ಸ್ವಂತ ತಯಾರಿಯ ಡಬ್ಬಿ ಜೋಡಿಸುವುದು ನನಗೆ ಒಪ್ಪಿಗೆ ಇಲ್ಲ.

ಎಲ್ಲಿ ನೋಡಬೇಕು

13ಬಿಯ ಇಂಟೇಕ್ ಮ್ಯಾನಿಫೋಲ್ಡ್ ಒಂದೇ ಬ್ಲಾಕಿನ ಮೇಲೆ ಕೂರುವುದಿಲ್ಲ. ಮುಂದಿನದು, ಮಧ್ಯದ್ದು, ಹಿಂದಿನದು ಅಂತ ಮೂರು ಬೇರೆ ಬೇರೆ ಎರಕದ ಹೌಸಿಂಗುಗಳ ಮುಖಕ್ಕೆ ಅದು ಒಟ್ಟಿಗೆ ಅಂಟಿಕೊಳ್ಳಬೇಕು. ಇಂಜಿನ್ ಜೋಡಿಸುವಾಗ ಇವುಗಳಲ್ಲಿ ಒಂದು ಕೂದಲೆಳೆಯಷ್ಟು ಮುಂದೆ ಬಂದಿದ್ದರೂ ಆ ಪಕ್ಕದಲ್ಲಿ ಗ್ಯಾಸ್ಕೆಟ್ ಬಿಗಿಯಾಗಿ ಕೂರುವುದಿಲ್ಲ. ಎಷ್ಟು ಗ್ಯಾಸ್ಕೆಟ್ ಬದಲಿಸಿದರೂ ಅದೇ ಜಾಗದಲ್ಲಿ ಸೋರುತ್ತದೆ ಅನ್ನುವವರು ಮ್ಯಾನಿಫೋಲ್ಡ್ ಬಿಚ್ಚಿ, ಮೂರೂ ಮುಖಗಳ ಮೇಲೆ ಅಡ್ಡಲಾಗಿ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ. ಮ್ಯಾನಿಫೋಲ್ಡಿನ ಫ್ಲಾಂಜಿಗೂ ಹಾಗೇ ಮಾಡಿ. ಕೈಯಲ್ಲಿ ವೆಲ್ಡ್ ಮಾಡಿದ ಅಲ್ಯೂಮಿನಿಯಂ ಫ್ಲಾಂಜ್ ವೆಲ್ಡಿಂಗ್ ಬಿಸಿಗೆ ಬಾಳೆಹಣ್ಣಿನಂತೆ ಬಾಗಿರುವುದು ಮಾಮೂಲು. 0.1 ಮಿ.ಮೀ. ಗೇಜ್ ಸಲೀಸಾಗಿ ಒಳಗೆ ಹೋಯಿತು ಅಂದರೆ ಮೆಷಿನ್ ಶಾಪಿಗೆ ಕೊಟ್ಟು ಸಮ ಮಾಡಿಸಿ, ದಪ್ಪ ಗ್ಯಾಸ್ಕೆಟ್ ಹಾಕಿ ಸಮಾಧಾನ ಪಟ್ಟುಕೊಳ್ಳಬೇಡಿ.

ಆಮೇಲೆ ಇಂಜೆಕ್ಟರಿನ ಕೆಳಗಿನ ಓ-ರಿಂಗ್. ಮೇಲಿನದು ಸೋರಿದರೆ ಪೆಟ್ರೋಲ್ ಕಾಣುತ್ತದೆ, ಕೆಳಗಿನದು ಸೋರಿದರೆ ಬರೀ ಗಾಳಿ, ಯಾರಿಗೂ ಗೊತ್ತಾಗುವುದಿಲ್ಲ. ಎಕ್ಸಾಸ್ಟಿನ ಬಿಸಿಗೆ ಮಾಮೂಲಿ ನೈಟ್ರೈಲ್ ರಬ್ಬರ್ ಗಟ್ಟಿಯಾಗಿ ಚಪ್ಪಟೆಯಾಗುತ್ತದೆ, ಬಿಸಿ ತಡೆಯುವ ವೈಟಾನ್ ರಬ್ಬರಿನದು ಹಾಕಿ. ಥ್ರಾಟಲ್ ಚಿಟ್ಟೆಯ ಕಡ್ಡಿ ಎರಡೂ ತುದಿಯಲ್ಲಿ ಸವೆದಿರುತ್ತದೆ. ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಬುಶ್ ಬದಲಿಸಬೇಕು.

ಕಾರಿನಿಂದ ಬಂದ ಇಂಜಿನ್ ಅಂದ ಮೇಲೆ ಬೇಡದ ನಿಪ್ಪಲುಗಳು ಬೇಕಾದಷ್ಟು. ಬ್ರೇಕ್ ಬೂಸ್ಟರಿನದು, ಪೆಟ್ರೋಲ್ ಆವಿಯದು, ಇನ್ನೂ ಏನೇನೋ. ಇವಕ್ಕೆಲ್ಲ ರಬ್ಬರ್ ಟೋಪಿ ಹಾಕಿದ್ದರೆ ಅದು ಬಿಸಿಗೆ ಒಣಗಿ ಬಿರಿಯುವುದು ಖಂಡಿತ. ನಿಪ್ಪಲ್ ಕಿತ್ತು, ತ್ರೆಡ್ ಹೊಡೆದು, ಲೋಹದ ಪ್ಲಗ್ ಹಾಕಿ ಮರೆತುಬಿಡಿ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವವರು ಸೀಲುಗಳಿಗೆ ಆಯಿಲ್ ಹನಿಸುವ ಸಣ್ಣ ಪಂಪ್ ತೆಗೆದಿರುತ್ತಾರೆ, ಆದರೆ ಅದರ ನಾಝಲುಗಳ ಜಾಗವನ್ನು ಸರಿಯಾಗಿ ಮುಚ್ಚಿದ್ದೀರಾ? 6 ಪೋರ್ಟಿನ ಇಂಜಿನ್ ಆದರೆ ಪೋರ್ಟ್ ತೆರೆದು ಮುಚ್ಚಲು ತಿರುಗುವ ಸ್ಲೀವುಗಳ ಕಡ್ಡಿ ಹೊರಗೆ ಬರುವ ಜಾಗವನ್ನೂ ನೋಡಿ. ಪೆಟ್ರೋಲ್ ಪ್ರೆಶರ್ ರೆಗ್ಯುಲೇಟರಿನ ಹೋಸ್ ಬಿಚ್ಚಿದಾಗ ಒಳಗೆ ಪೆಟ್ರೋಲ್ ಹಸಿ ಕಂಡರೆ ಡಯಾಫ್ರಂ ಹರಿದಿದೆ, ಅವತ್ತೇ ಬದಲಿಸಿ.

ಎಲ್ಲೂ ಸಿಗಲಿಲ್ಲ ಅಂದರೆ ಮ್ಯಾನಿಫೋಲ್ಡ್ ಬಿಚ್ಚಿ. ಫ್ಲಾಂಜಿಗೆ ರಬ್ಬರ್ ಶೀಟು, ಅದರ ಮೇಲೆ ದಪ್ಪ ಪ್ಲೇಟು ಬಿಗಿದು, ಒಳಗೆ ಗಾಳಿ ಕೊಟ್ಟು ಮೇಜಿನ ಮೇಲೇ ಪರೀಕ್ಷೆ ಮಾಡಿ. ಇಲ್ಲಿ ಸೋರಿದರೆ ವೆಲ್ಡಿನಲ್ಲಿ ಸೂಜಿತೂತು ಅಥವಾ ಬಿರುಕು, ಡೈ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿಯುವ ಬಣ್ಣ) ಹಾಕಿದರೆ ಕೆಂಪು ಗೆರೆ ಎದ್ದು ಕಾಣುತ್ತದೆ. ಇಲ್ಲಿ ಸೋರದೆ ಇಂಜಿನ್ ಮೇಲೆ ಮಾತ್ರ ಸೋರುತ್ತಿದ್ದರೆ ಕಳ್ಳ ಇರುವುದು ಫ್ಲಾಂಜಿನ ಸಂದಿನಲ್ಲೇ.

ಥ್ರಾಟಲಿಗಿಂತ ಮೊದಲಿನ ಪೈಪು, ಏರ್‌ಬಾಕ್ಸ್ ಸೋರಿದರೆ ಮೇಲಿನ ಯಾವ ಲಕ್ಷಣವೂ ಬರುವುದಿಲ್ಲ (ಗಾಳಿಯ ಹರಿವು ಅಳೆಯುವ ಸೆನ್ಸರ್ ಇದ್ದು ಲೀಕ್ ಅದರ ನಂತರ ಇದ್ದರೆ ಮಾತ್ರ ಇಂಜಿನ್ ಲೀನ್ ಆಗುತ್ತದೆ). ಆದರೆ ಕೌಲಿಂಗ್ ಒಳಗಿನ ಬಿಸಿ ಗಾಳಿ, ಫಿಲ್ಟರ್ ಆಗದ ದೂಳು ಒಳಗೆ ಹೋಗುತ್ತದೆ. ದೂಳು ಎಪೆಕ್ಸ್ ಸೀಲನ್ನು ತಿಂದು ಹಾಕುತ್ತದೆ. ಟರ್ಬೋ ಇದ್ದವರಿಗೆ ಐಡಲ್‌ನಲ್ಲಿ ಒಳಗೆ, ಬೂಸ್ಟ್‌ನಲ್ಲಿ ಹೊರಗೆ, ಎರಡೂ ಕಡೆ ಸೋರುತ್ತದೆ.

ಮುಚ್ಚುವುದು

ಗ್ಯಾಸ್ಕೆಟ್ ಬದಲು ಮಾಮೂಲಿ ಸಿಲಿಕೋನ್ ಸೀಲಂಟ್ ಹಚ್ಚುವ ಅಭ್ಯಾಸ ಬಿಡಿ. ಪೆಟ್ರೋಲ್ ತಗುಲಿದರೆ ಅದು ಉಬ್ಬಿ, ಕಿತ್ತು, ತುಣುಕುಗಳಾಗಿ ಒಳಗೆ ಹೋಗುತ್ತದೆ. ಸಿಲಿಕೋನ್ ಹೋಸ್ ಪೈಪಿಗೂ ಇದೇ ಮಾತು, ಪೆಟ್ರೋಲ್ ಬೆರೆತ ಗಾಳಿ ಹೋಗುವ ಕಡೆ ಒಳಪದರ ಇರುವ ಹೋಸೇ ಬೇಕು. ಪೈಪಿನ ತುದಿಗೆ ಉಬ್ಬು ಇರಲಿ, ಇಲ್ಲದಿದ್ದರೆ ಕ್ಲಾಂಪ್ ಎಷ್ಟು ಬಿಗಿದರೂ ಜಾರುತ್ತದೆ. ಹಲ್ಲಿನ ಕ್ಲಾಂಪ್ ಮೆತ್ತನೆಯ ಹೋಸನ್ನು ಕತ್ತರಿಸುತ್ತದೆ, ಒಳಗೆ ನುಣುಪು ಪಟ್ಟಿ ಇರುವುದನ್ನು ಹಾಕಿ.

ನಟ್ಟುಗಳನ್ನು ಮಧ್ಯದಿಂದ ಶುರು ಮಾಡಿ ಹೊರಗೆ ಹೋಗುತ್ತಾ ಎರಡು ಸುತ್ತಿನಲ್ಲಿ, ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿಯಿರಿ. ಉದ್ದ ರನ್ನರಿನ ತುದಿಯಲ್ಲಿ ಭಾರದ ಥ್ರಾಟಲ್ ಬಾಡಿ ನೇತಾಡುತ್ತಿದ್ದರೆ ಬ್ರಾಕೆಟ್ ಕೊಡಿ. ಆ ಬ್ರಾಕೆಟಿನ ಇನ್ನೊಂದು ತುದಿ ಇಂಜಿನ್ ಮೇಲೇ ಇರಬೇಕು, ಫೈರ್‌ವಾಲಿಗೆ (ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಗೆ) ಕಟ್ಟಿದರೆ ರಬ್ಬರ್ ಮೌಂಟಿನ ಮೇಲೆ ಇಂಜಿನ್ ಅಲ್ಲಾಡಿದಾಗಲೆಲ್ಲ ನೀವೇ ಮ್ಯಾನಿಫೋಲ್ಡ್ ಮುರಿದ ಹಾಗೆ.

ಮುಚ್ಚಿದ ಮೇಲೆ ಸೋಪು ನೀರಿನ ಪರೀಕ್ಷೆ ಇನ್ನೊಮ್ಮೆ. ಲೀಕ್ ಇದ್ದಾಗ ತಿದ್ದಿದ ಫ್ಯೂಯಲ್ ಟೇಬಲ್ ಹಾಗೇ ಇದ್ದರೆ ಈಗ ಇಂಜಿನ್ ರಿಚ್ ಆಗಿ ಪ್ಲಗ್ ಮಸಿಗಟ್ಟುತ್ತದೆ, ಹಳೇ ಟೇಬಲಿಗೆ ವಾಪಸ್ ಹೋಗಿ. ನೆಲದ ಮೇಲೆ ಬಿಸಿ ಮಾಡಿ, ಫುಲ್ ಪವರಿನಿಂದ ಥ್ರಾಟಲ್ ಒಮ್ಮೆಲೇ ಮುಚ್ಚಿ, ಐಡಲ್ ನಿಂತ ತಕ್ಷಣ ಮತ್ತೆ ತೆರೆಯಿರಿ, ಹೀಗೆ ಹಲವು ಸಲ. ಎಲ್ಲೂ ಮುಗ್ಗರಿಸಬಾರದು. ಬಿಸಿ ಇಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ, ಐಡಲ್ ಒತ್ತಡವನ್ನು ಲಾಗಿನಲ್ಲಿ ಬರೆಯಿರಿ. ಪೂರ್ತಿ ಆರಿದ ಮೇಲೆ ಮ್ಯಾನಿಫೋಲ್ಡ್ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ನೋಡಿ, ಹೊಸ ಗ್ಯಾಸ್ಕೆಟ್ ಮೊದಲ ಬಿಸಿಗೆ ಕುಗ್ಗಿ ನಟ್ಟು ಸಡಿಲವಾಗಿರುತ್ತದೆ. ಮೊದಲ ಹಾರಾಟ ಏರ್‌ಫೀಲ್ಡ್ ಮೇಲೆಯೇ ಇರಲಿ, ಇಂಜಿನ್ ನಿಂತರೂ ಗ್ಲೈಡ್ ಮಾಡಿ ಇಳಿಯುವಷ್ಟು ಎತ್ತರದಲ್ಲಿ. ಥ್ರಾಟಲ್ ಮುಚ್ಚಿ ತೆರೆಯುವ ಪರೀಕ್ಷೆಯನ್ನು ಅಲ್ಲೇ ಮಾಡಿ ಮುಗಿಸಿ, ಆಮೇಲೆ ಇಳಿಯಿರಿ.